ಮನಿ ಜೇಡ ಸರಣಿ: ಒಂದೇ ಫೋಟೋ ನೋಡಿ ಹೆಸರು ಇಡಬ್ಯಾಡ್ರಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ಶಹಾಬಾದ್ ಕಲ್ಲಿನ ಹಳೇ ಮನಿ ಅಂದ್ರ ಸಂದಿ ಇದ್ದೇ ಇರ್ತಾವ. ಸಂದಿ ಇದ್ದಲ್ಲಿ ಜೇಡ ಅದ. ನಾವು ಎಲ್ಲದಕ್ಕೂ ‘ಜೇಡ’ ಅಂದು ಕಸಬರಿಗಿ ಎತ್ತತೀವಿ, ಇಲ್ಲಾ ಆ್ಯಪ್ ಕೊಟ್ಟ ಲ್ಯಾಟಿನ್ ಹೆಸರು ನಂಬತೀವಿ. ಎರಡೂ ಸರಿ ಅಲ್ಲ ಅನ್ನೋದು ನನ್ನ ಮಾತು. ಜಾತಿಯ ಹೆಸರಿಗೆ ಅವಸರ ಬ್ಯಾಡ. ಗುಂಪು ಗುರುತಿಸೋದನ್ನ ಮಾತ್ರ ಎಲ್ಲರೂ ಕಲೀಬೇಕು.

1. ಮೂಲೆಯ ಉದ್ದ ಕಾಲಿನ ಜೇಡ. ಬಲೆ ಮುಟ್ಟಿದ್ರ ಗಡಗಡ ನಡುಗತದ. ಹೆಣ್ಣು ಮೊಟ್ಟೆಗಳನ್ನ ಬಾಯಲ್ಲೇ ಕಚ್ಚಿಕೊಂಡಿರತದ. ಈಗ ಬದಿಯಿಂದ ನೋಡ್ರಿ. ಹೊಟ್ಟೆಯ ಹಿಂಭಾಗ ಮೇಲಕ್ಕೆ ಮೊನಚಾಗಿ ಎದ್ದಿದ್ರ ಅದು ಕ್ರಾಸೋಪ್ರೈಜಾ ಲಯೊನಿ, 1867ರಲ್ಲಿ ಬ್ಲ್ಯಾಕ್‌ವಾಲ್ ಹೆಸರಿಟ್ಟದ್ದು. ಗಾತ್ರ ದೊಡ್ಡದು, ಹೊಟ್ಟೆ ಗುಂಡಗೆ, ಮೇಲೆ ಕಪ್ಪು ಚುಕ್ಕಿ ಇದ್ರ ಆರ್ಟೆಮಾ ಅಟ್ಲಾಂಟಾ. ಮೇಲಿನಿಂದ ತೆಗೆದ ಫೋಟೋದಾಗ ಆ ಮೊನಚು ಕಾಣೋದೇ ಇಲ್ಲ!

2. ರಾತ್ರಿ ಗೋಡೆ ಮೇಲಿನ ಅಂಗೈಯಗಲದ ಜೇಡ. ಮೈ ಚಪ್ಪಟೆ, ಕಾಲು ಏಡಿಯ ಹಾಂಗ ಪಕ್ಕಕ್ಕೆ ಚಾಚಿದ್ರ ಹಂಟ್ಸ್‌ಮನ್, ಅಂದ್ರ ಹೆಟೆರೊಪೋಡಾ ಗುಂಪು. ಬಲೆ ಕಟ್ಟೋದಿಲ್ಲ, ಜಿರಳೆ ಹಿಡೀತದ. ಹೊಲದ ಕಡೆಯಿಂದ ಒಳಗ ಬರೋ ತೋಳ ಜೇಡವೂ ಹಾಂಗೇ ಕಂದು ಬಣ್ಣ. ಮೊಟ್ಟೆ ಚೀಲ ನೋಡ್ರಿ: ಹಂಟ್ಸ್‌ಮನ್ ಎದೆ ಕೆಳಗ ಬಿಲ್ಲೆಯಂತೆ ಹಿಡಿದಿರತದ, ತೋಳ ಜೇಡ ಹಿಂದಿನ ತುದಿಗೆ ಗುಂಡಗೆ ಅಂಟಿಸಿಕೊಂಡಿರತದ.

3. ಕಿಟಕಿಯ ಜಿಗಿಯೋ ಜೇಡ. ಮುಂದೆ ಎರಡು ದೊಡ್ಡ ಕಣ್ಣು. ಪ್ಲೆಕ್ಸಿಪ್ಪಸ್ ಪೇಕುಲಿ ಗಂಡಿಗೆ ಕಪ್ಪು ಮೈಮೇಲೆ ಎದ್ದು ಕಾಣೋ ಬಿಳಿ ಪಟ್ಟಿ; ಪ್ಲೆಕ್ಸಿಪ್ಪಸ್ ಪೀಟರ್ಸಿ ಗಂಡು ಮಾಸಲು ಕಂದು. ಹೆಣ್ಣುಗಳು? ಒಂದೇ ತಾಯಿ ಮಕ್ಕಳ ಹಾಂಗ! ಖಚಿತವಾಗಿ ಹೇಳಲು ಜನನಾಂಗವನ್ನ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಲ್ಲಿ ‘ಪ್ಲೆಕ್ಸಿಪ್ಪಸ್, ಹೆಣ್ಣು’ ಅಂತ ಬರೆದು ನಿಲ್ಲಿಸೋದೇ ಪ್ರಾಮಾಣಿಕ ಉತ್ತರ.

‘ಇಷ್ಟೆಲ್ಲಾ ಯಾಕ್ರಿ, ಜೇಡ ಜೇಡನೇ’ ಅಂತೀರಾ? ತಪ್ಪು ಗುರುತಿಗೆ ಬೆಲೆ ಅದ. ಈ ಮೂರೂ ಗುಂಪು ನಮ್ಮ ಜೀವಕ್ಕೆ ಅಪಾಯ ಅಲ್ಲ. ಆದರೂ ಅವುಗಳ ಮೇಲೆ ವಿಷ ಹೊಡೆದು, ಅದೇ ಕೋಣೆಯಲ್ಲಿ ಮಕ್ಕಳನ್ನ ಮಲಗಿಸತೀವಿ. ಇನ್ನೊಂದು ಇನ್ನೂ ಗಂಭೀರ. ಮೈಮೇಲೆ ಬೊಬ್ಬೆ ಎದ್ದರೆ ‘ಜೇಡ ಉಚ್ಚೆ ಹೊಯ್ದದ’ ಅಂತ ಮನೆಮದ್ದು ಹಚ್ಚಿ ಕೂಡತೀವಿ. ಜೇಡದಿಂದ ಹಾಂಗ ಆಗೋದಿಲ್ಲ. ಮಳೆಗಾಲದಾಗ ದೀಪಕ್ಕೆ ಬರೋ ಪೆಡೆರಸ್ ಎಂಬ ಸಣ್ಣ ಹುಳ ಚರ್ಮದ ಮೇಲೆ ಜಜ್ಜಿದ್ರ ಸುಟ್ಟಂತೆ ಬೊಬ್ಬೆ ಬರ್ತಾವ. ಮೈಯ ಒಂದೇ ಪಕ್ಕದಲ್ಲಿ ಪಟ್ಟಿಯಂತೆ ನೋವಿನ ಗುಳ್ಳೆ ಎದ್ದರೆ ಸರ್ಪಸುತ್ತು ಇರಬಹುದು. ಅದರ ಔಷಧಿ 72 ಗಂಟೆಯೊಳಗೆ ಶುರು ಮಾಡಿದ್ರ ಹೆಚ್ಚು ಫಲ. ಜೇಡಕ್ಕೆ ಬೈಯುತ್ತಾ ಕೂತರೆ ಆ ಸಮಯ ಹೋಗ್ತದ. ಡಾಕ್ಟರ್ ಹತ್ರ ಹೋಗ್ರಿ.

ಹಂಗಾದ್ರ ಮಾಡಬೇಕಾದ್ದೇನು? ಕೊಲ್ಲೋ ಮೊದಲು ನಾಲ್ಕು ಫೋಟೋ ತೆಗೀರಿ: ಮೇಲಿನಿಂದ, ಬದಿಯಿಂದ, ಮುಖದ ಕಡೆಯಿಂದ, ಬಲೆಯದ್ದೊಂದು. ಅಳತೆಗೆ ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡ್ರಿ. ಊರು, ದಿನಾಂಕ ಬರೀರಿ. ಧೂಳು ಹಿಡಿದ ಖಾಲಿ ಬಲೆ ಗುಡಿಸ್ರಿ, ತಕರಾರಿಲ್ಲ. ಜೇಡ ಒಳಗ ಬೇಡವೇ ಬೇಡ ಅಂದ್ರ ಗ್ಲಾಸು ಮುಚ್ಚಿ, ಕೆಳಗ ರಟ್ಟು ತೂರಿಸಿ ಹೊರಗ ಬಿಡ್ರಿ.

ವನ್ಯಜೀವಿ ನೋಡಬೇಕಂದ್ರ ಚಿಂಚೋಳಿ ಅಭಯಾರಣ್ಯಕ್ಕೇ ಹೋಗಬೇಕಂತಿಲ್ಲ. ಇವತ್ತು ರಾತ್ರಿ ಟಾರ್ಚ್ ಹಿಡಿದು ನಿಮ್ಮ ಅಡುಗೆಮನಿ ಮೂಲೆ ನೋಡ್ರಿ. ಹೆಸರು ಗೊತ್ತಾಗದಿದ್ರೂ ನಡೀತದ, ಮೊದಲು ಗುಂಪು ಹೇಳ್ರಿ.

#ಮನಿಜೇಡ #ಸೇಡಂ #ಚಿತ್ತಾಪುರ #ವಾಡಿ #ಶಹಾಬಾದ್ #ಚಿಂಚೋಳಿ