ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ: ಲೆಕ್ಕ ಇಡುವವರು ಯಾರು?

ನಮ್ಮ ಉಪ್ಪನ ಕಾಲದಲ್ಲಿ ಗಲ್ಫಿಗೆ ಹೋದವರು ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆಗೆ ಬರುತ್ತಿದ್ದರು. ಈಗ ಹಾಗಿಲ್ಲ. ಅಲ್ಲಿ ಸಣ್ಣ ಲೈಸೆನ್ಸ್ ಮಾಡಿಕೊಂಡವರು, ಪಾಲುದಾರಿಕೆಯಲ್ಲಿ ಅಂಗಡಿ ಇಟ್ಟವರು, ಮಕ್ಕಳನ್ನು ಅಲ್ಲಿ ದುಡಿಯಲು ಬಿಟ್ಟ ಹಿರಿಯರು ವರ್ಷವನ್ನೇ ಎರಡು ಪಾಲು ಮಾಡಿಕೊಳ್ಳುತ್ತಿದ್ದಾರೆ. ಅರ್ಧ ಅಲ್ಲಿ, ಅರ್ಧ ಇಲ್ಲಿ. ಕೇಳಲು ಚೆಂದ. ಆದರೆ ಈ ಬದುಕಿನ ಬಗ್ಗೆ ನಮ್ಮ ಮನೆಗಳಲ್ಲಿ ಸರಿಯಾದ ಮಾತುಕತೆ ಆಗುತ್ತಿಲ್ಲ ಎಂಬುದು ನನ್ನ ಅಭಿಪ್ರಾಯ.

ನಾನು ಹೇಳುತ್ತಿರುವುದು ಹೋಗಿ ಬರುವವನಾಗಿ ಅಲ್ಲ, ಇಲ್ಲೇ ಉಳಿದವನಾಗಿ. ನಮ್ಮ ಮೂಲ ಮಂಗಳೂರಿನ ಕಡೆ. ಉಪ್ಪ ಹಿಂದೂಪುರಕ್ಕೆ ಬಂದು ಅಂಗಡಿ ಇಟ್ಟರು, ಆಮೇಲೆ ಕಲ್ಯಾಣದುರ್ಗದಲ್ಲಿ ಇನ್ನೊಂದು. 2022ರಲ್ಲಿ ಆಂಧ್ರ ಸರಕಾರ ಜಿಲ್ಲೆಗಳನ್ನು ಒಡೆದಾಗ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಎರಡು ಅಂಗಡಿಯ ಕಾಗದಪತ್ರಕ್ಕೆ ಎರಡು ಜಿಲ್ಲಾ ಕಚೇರಿ ಸುತ್ತುವುದೇ ನನಗೆ ಸಾಕಷ್ಟು ಕೆಲಸ. ಇನ್ನು ಎರಡು ದೇಶಕ್ಕೆ ಮನೆಯನ್ನು ಹಂಚಿದವರ ಪಾಡು ಏನು ಎಂದು ಅಣ್ಣನನ್ನು ನೋಡಿ ತಿಳಿದಿದ್ದೇನೆ. ಅವನು ಶಾರ್ಜಾದಲ್ಲಿ ಅರ್ಧ ವರ್ಷ, ಇಲ್ಲಿ ಅರ್ಧ ವರ್ಷ ಇರುತ್ತಾನೆ.

ಈ ಆರು ತಿಂಗಳ ಲೆಕ್ಕ ಎಲ್ಲಿಂದ ಬಂತು? ಎರಡು ಕಾನೂನುಗಳ ನಡುವಿನಿಂದ. ಯುಎಇ ರೆಸಿಡೆನ್ಸ್ ವೀಸಾ ಇರುವವರು ಸಾಮಾನ್ಯವಾಗಿ ಒಂದೇ ಸಲಕ್ಕೆ 180 ದಿನಕ್ಕಿಂತ ಹೆಚ್ಚು ಹೊರಗಿದ್ದರೆ ವೀಸಾ ಹೋಗುತ್ತದೆ. ಗೋಲ್ಡನ್ ವೀಸಾದವರಿಗೆ ಈ ಕಟ್ಟು ಇಲ್ಲ, ಆದರೆ ಅದು ನಮ್ಮಲ್ಲಿ ಎಷ್ಟು ಜನರಿಗಿದೆ? ಇತ್ತ ಭಾರತದ ಆದಾಯ ತೆರಿಗೆ ಕಾನೂನಿನಲ್ಲಿ ಒಂದು ಹಣಕಾಸು ವರ್ಷದಲ್ಲಿ 182 ದಿನ ಇಲ್ಲಿದ್ದರೆ ನೀವು ಇಲ್ಲಿನ ನಿವಾಸಿ. ಇಲ್ಲಿನ ಆದಾಯ 15 ಲಕ್ಷ ದಾಟಿದವರು 120 ದಿನಕ್ಕೇ ಎಚ್ಚರವಾಗಬೇಕು. ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ಅವರಿಗೆ 2020ರ ತಿದ್ದುಪಡಿ ತಗಲುತ್ತದೆ.

ಇಲ್ಲಿ ಒಂದು ವ್ಯತ್ಯಾಸವನ್ನು ಹೆಚ್ಚಿನವರು ಗಮನಿಸುವುದಿಲ್ಲ. ಅಲ್ಲಿನವರು ಎಣಿಸುವುದು ಒಂದೇ ಸಲ ಹೊರಗಿದ್ದ ದಿನ. ಇಲ್ಲಿನವರು ಎಣಿಸುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ ತುಂಡು ತುಂಡಾಗಿ ಇದ್ದ ದಿನಗಳ ಒಟ್ಟು ಮೊತ್ತ. ಮದುವೆಗೆ 20 ದಿನ, ರಮಝಾನಿಗೆ 35 ದಿನ, ಉಮ್ಮನ ಆಪರೇಷನ್‌ಗೆ 40 ದಿನ, ಮಳೆಗಾಲದಲ್ಲಿ ಮನೆ ರಿಪೇರಿಗೆ 90 ದಿನ. ಒಂದೊಂದೂ ಸಣ್ಣದು, ಕೂಡಿಸಿದರೆ 185. ಆಗ ಎನ್‌ಆರ್‌ಐ ಎಂದು ಹಾಕಿದ ಸಹಿಗಳೆಲ್ಲ ಪ್ರಶ್ನೆಯಾಗುತ್ತವೆ. ಬ್ಯಾಂಕಿನದ್ದು ಬೇರೆಯೇ ಲೆಕ್ಕ. ಇಲ್ಲೇ ನೆಲೆಸುವ ಉದ್ದೇಶದಿಂದ ಬಂದವರು ದಿನ ಎಣಿಸುತ್ತಾ ಕೂರದೆ ಎನ್‌ಆರ್‌ಇ ಖಾತೆಯನ್ನು ರೆಸಿಡೆಂಟ್ ಖಾತೆಗೆ ಬದಲಿಸಿಕೊಳ್ಳಬೇಕು. ಹಾಗಾಗಿ ಪಾಸ್‌ಪೋರ್ಟ್ ಜೊತೆ ಒಂದು ಸಣ್ಣ ನೋಟ್‌ಬುಕ್ ಇಡಿ. ಬಂದ ದಿನ, ಹೋದ ದಿನ ಎರಡನ್ನೂ ಸೇರಿಸಿಯೇ ಬರೆಯಿರಿ.

ನಾನು ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಎರಡು ಗೇರ್ ಹಲ್ಲಿಗೆ ಹಲ್ಲು ಕೂಡಿದರೆ ಮಾತ್ರ ಗಾಡಿ ಓಡುತ್ತದೆ. ಎರಡು ದೇಶದ ಕಾನೂನು ಕೂಡಿಸುವುದು ಕಷ್ಟವಾದರೂ ಒಬ್ಬ ಒಳ್ಳೆಯ ಆಡಿಟರ್ ಸಿಕ್ಕಿದರೆ ಆಗುವ ಕೆಲಸ. ನನಗೆ ಹೆಚ್ಚು ಚಿಂತೆ ಇರುವುದು ಮನೆಯೊಳಗಿನ ಲೆಕ್ಕದ ಬಗ್ಗೆ.

ಮೊದಲನೆಯದು ಹೆಂಗಸರ ಮತ್ತು ಮಕ್ಕಳ ಪಾಲು. ಸೌದಿಯಲ್ಲಿ 2017ರ ಜುಲೈಯಿಂದ ವಿದೇಶಿ ಕೆಲಸಗಾರರ ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 100 ರಿಯಾಲ್ ಶುಲ್ಕ ಬಂತು. ಅದು ವರ್ಷಕ್ಕೆ ನೂರರಂತೆ ಏರಿ 2020ಕ್ಕೆ 400 ಆಯಿತು. ಹೆಂಡತಿ, ಮೂವರು ಮಕ್ಕಳು ಇದ್ದವನಿಗೆ ತಿಂಗಳಿಗೆ 1,600, ವರ್ಷಕ್ಕೆ 19,200 ರಿಯಾಲ್. ಎಷ್ಟೋ ಕುಟುಂಬಗಳು ಊರಿಗೆ ಮರಳಿದವು. ಆಮೇಲೆ ಶಾಲೆಯ ರಜೆ ನೋಡಿ ವಿಸಿಟ್ ವೀಸಾದಲ್ಲಿ ಹೋಗಿ ಬರುವ ಬದುಕು ಶುರುವಾಯಿತು. ಅದನ್ನು ಯಾರೂ ಖುಷಿಯಿಂದ ಆರಿಸಿಕೊಂಡದ್ದಲ್ಲ. ಆದರೆ ಸ್ವಂತ ಇಷ್ಟದಿಂದ ಅರ್ಧ ವರ್ಷದ ಬದುಕು ಆರಿಸಿಕೊಳ್ಳುವವರೂ ಹೆಂಡತಿಯನ್ನು ಕೇಳುವುದು ಟಿಕೆಟ್ ಬುಕ್ ಮಾಡಿದ ಮೇಲೆ. ಆರು ತಿಂಗಳು ಒಬ್ಬಳೇ ಮನೆ ನಡೆಸಿ, ಶಾಲೆ, ಬ್ಯಾಂಕ್, ಆಸ್ಪತ್ರೆ ಎಲ್ಲ ನೋಡಿಕೊಂಡವಳಿಗೆ ಅವನು ಬಂದ ಮರುದಿನದಿಂದ ಯಜಮಾನಿಕೆ ಕೊಡು ಎಂದರೆ ಅದು ನ್ಯಾಯವೇ?

ಎರಡನೆಯದು ಹಿರಿಯರು. ಯುಎಇಯಲ್ಲಿ 5 ವರ್ಷದ ಮಲ್ಟಿಪಲ್ ಎಂಟ್ರಿ ಟೂರಿಸ್ಟ್ ವೀಸಾ ಇದೆ. ಒಂದು ಸಲಕ್ಕೆ 90 ದಿನ, ವಿಸ್ತರಿಸಿದರೂ ವರ್ಷಕ್ಕೆ ಒಟ್ಟು 180 ದಿನ ಮೀರುವಂತಿಲ್ಲ. ಬ್ಯಾಂಕಿನಲ್ಲಿ 4,000 ಡಾಲರ್‌ನಷ್ಟು ಹಣ ಇದೆ ಎಂದು ತೋರಿಸಬೇಕು. ಉಪ್ಪ ಉಮ್ಮನನ್ನು ಕರೆಸಿಕೊಳ್ಳಲು ಒಳ್ಳೆಯ ದಾರಿಯೇ. ಆದರೆ ಹಿಂದೂಪುರದ ಗುಡ್ಡಂ ಬಜಾರಿನಲ್ಲಿ ದಿನಕ್ಕೆ ಐವತ್ತು ಸಲಾಂ ಪಡೆಯುವ ಮನುಷ್ಯ ಹನ್ನೊಂದನೇ ಮಹಡಿಯ ಫ್ಲ್ಯಾಟಿನಲ್ಲಿ ಮಗ ಸಂಜೆ ಬರುವವರೆಗೆ ಯಾರ ಜೊತೆ ಮಾತಾಡಬೇಕು? ನಮ್ಮ ಉಪ್ಪ ಎರಡನೇ ಸಲ ಹೋದಾಗ ಮೂರನೇ ವಾರಕ್ಕೇ ಫೋನಿನಲ್ಲಿ ಕೇಳಿದ್ದು ಹುಣಸೆಹಣ್ಣಿನ ರೇಟು. ಅವರಿಗೆ ಹುಣಸೆಹಣ್ಣು ಬೇಕಾಗಿರಲಿಲ್ಲ, ಊರು ಬೇಕಾಗಿತ್ತು. ಅಣ್ಣನೂ ಅದನ್ನು ಅರ್ಥಮಾಡಿಕೊಂಡ. ಈಗ ಎಷ್ಟು ದಿನ ಎಂದು ಅವರೇ ಹೇಳುತ್ತಾರೆ.

ಮೂರನೆಯದು ಉಳಿದವರು. ಪ್ರತಿ ಅರ್ಧ ವರ್ಷದ ಮನುಷ್ಯನ ಹಿಂದೆ ಪೂರ್ತಿ ವರ್ಷ ಇಲ್ಲೇ ಇರುವ ಒಬ್ಬ ತಮ್ಮನೋ ಭಾವನೋ ಅಕ್ಕನೋ ಇರುತ್ತಾರೆ. ಅಂಗಡಿಯ ಜಿಎಸ್‌ಟಿ ಕಟ್ಟುವುದು, ಉಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋಗುವುದು, ಜಮಾಅತಿನ ವಂತಿಗೆ ಕೊಡುವುದು, ಮೂರನೇ ಮನೆಯ ಮಯ್ಯತಿಗೆ ಹೆಗಲು ಕೊಡುವುದು ಅವರೇ. ಹಣ ಕಳಿಸಿದವರ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ದಿನ ಕೊಟ್ಟವರ ಹೆಸರು ಯಾವ ಪುಸ್ತಕದಲ್ಲೂ ಇರುವುದಿಲ್ಲ. ಆಸ್ತಿ ಪಾಲಿನ ಹೊತ್ತಿಗೆ ಜಗಳ ಹುಟ್ಟುವುದು ಇಲ್ಲೇ. ಅಂಗಡಿ ನೋಡಿಕೊಳ್ಳುವ ತಮ್ಮನಿಗೆ ಸಂಬಳವೋ, ಲಾಭದಲ್ಲಿ ಪಾಲೋ, ಏನೆಂದು ಮೊದಲೇ ಕಾಗದದಲ್ಲಿ ಬರೆದಿಟ್ಟರೆ ಸಂಬಂಧ ಉಳಿಯುತ್ತದೆ. ಸಾಲ ಕೊಡುವಾಗ ಬರೆದಿಡಿ ಎಂದು ಕುರ್‌ಆನ್ ಹೇಳಿದ್ದು ನೆನಪಿರಲಿ. ಅಣ್ಣತಮ್ಮಂದಿರ ನಡುವೆ ಬರೆದುಕೊಂಡರೆ ಅವಮಾನ ಏನೂ ಇಲ್ಲ.

ನಮ್ಮ ಪಕ್ಕದಲ್ಲೇ ನೋಡಿ. ಪುಟ್ಟಪರ್ತಿಯಲ್ಲಿ ದಶಕಗಳಿಂದ ವಿದೇಶಿಯರು ತಿಂಗಳುಗಟ್ಟಲೆ ಇರುತ್ತಾ ಬಂದಿದ್ದಾರೆ. ಪೆನುಕೊಂಡದ ಬಳಿ 2019ರಲ್ಲಿ ಕಿಯಾ ಕಾರ್ಖಾನೆ ಶುರುವಾದ ಮೇಲೆ ಕೊರಿಯಾದವರು ಬಂದರು. 180 ದಿನಕ್ಕಿಂತ ಹೆಚ್ಚಿನ ವೀಸಾದಲ್ಲಿ ಬಂದ ವಿದೇಶಿಯರು 14 ದಿನದೊಳಗೆ ಹೆಸರು ನೋಂದಾಯಿಸಬೇಕು ಎನ್ನುವುದು ನಮ್ಮ ದೇಶದ ನಿಯಮ. ಅಂದರೆ ಎಲ್ಲ ದೇಶವೂ ಬಂದವನನ್ನು ಕೇಳುವುದು ಒಂದೇ: ನೀನು ಅತಿಥಿಯೋ, ಇಲ್ಲಿ ವಾಸ ಮಾಡುವವನೋ?

ನಮ್ಮ ಶಾಫಿ ಮದ್‌ಹಬಿನಲ್ಲಿ ಇದಕ್ಕೆ ಉತ್ತರ ಇನ್ನೂ ಬೇಗ ಸಿಗುತ್ತದೆ. ಬಂದ ದಿನ, ಹೋಗುವ ದಿನ ಬಿಟ್ಟು ಒಂದು ಊರಿನಲ್ಲಿ ನಾಲ್ಕು ದಿನ ತಂಗುವ ನಿಯ್ಯತ್ ಮಾಡಿದವನು ಮುಸಾಫಿರ್ ಅಲ್ಲ. ಅವನಿಗೆ ಕಸ್ರ್ ನಮಾಝಿನ ರಿಯಾಯಿತಿ ಇಲ್ಲ. ನಾಲ್ಕು ದಿನಕ್ಕೇ ಹಾಗಾದರೆ ಆರು ತಿಂಗಳು ಮನೆಯಲ್ಲಿ ಇರುವವನು ನೆಂಟನಂತೆ ಕೂರುವುದು ಹೇಗೆ? ಊರಿಗೆ ಬಂದವರು ಅಂಗಡಿಯ ಗಲ್ಲದಲ್ಲಿ ಕೂರಲಿ, ಮಕ್ಕಳ ಶಾಲೆಯ ಮೀಟಿಂಗಿಗೆ ಹೋಗಲಿ, ಉಮ್ಮನ ಮಾತ್ರೆಯ ಹೆಸರು ಕಲಿಯಲಿ.

ಅರ್ಧ ವರ್ಷದ ಬದುಕು ತಪ್ಪು ಎಂದು ನಾನು ಹೇಳುವುದಿಲ್ಲ. ಅದರಿಂದ ನಮ್ಮ ಮನೆಗೂ ಅನ್ನ ಬಂದಿದೆ. ಮುಂದಿನ ಟಿಕೆಟ್ ತೆಗೆಯುವ ಮೊದಲು ಮನೆಯವರೆಲ್ಲ ಒಂದು ಸಂಜೆ ಕುಳಿತು, ಯಾರು ಎಲ್ಲಿ, ಎಷ್ಟು ದಿನ, ಯಾರ ಕೆಲಸ ಯಾರ ಮೇಲೆ ಎಂದು ಬರೆದುಕೊಳ್ಳಲಿ ಎಂಬುದಷ್ಟೇ ನನ್ನ ಕೋರಿಕೆ. ಆ ಸಂಜೆ ಮೊದಲು ಮಾತಾಡುವ ಅವಕಾಶ ಉಮ್ಮನಿಗೂ ಹೆಂಡತಿಗೂ ಇರಲಿ.