ಬಸ್ ನಿಲ್ದಾಣದಿಂದಾಚೆಗೆ

2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ಸಿರುಗುಪ್ಪ, ಕುರುಗೋಡಿನ ತಾಯಂದಿರು ಸಾಮಾನ್ಯ ಸಾರಿಗೆ ಬಸ್ಸುಗಳಲ್ಲಿ ಹಣ ತೆರದೆ ಬಳ್ಳಾರಿಗೆ ಬರುವಂತಾಯಿತು. ಇದನ್ನು ನಾವು ಮನಸಾರೆ ಸ್ವಾಗತಿಸುತ್ತೇವೆ. ಆದರೆ ನಿಲ್ದಾಣದಿಂದ ಆಸ್ಪತ್ರೆಗೋ ದೇವಾಲಯಕ್ಕೋ ಹೋಗಬೇಕಾದ ವೃದ್ಧೆ ಆಟೋದವರು ಕೇಳಿದಷ್ಟು ಕೊಡಬೇಕು. ಬಸ್ಸಿನಲ್ಲಿ ಉಳಿದ ಹಣ ಒಂದೆರಡು ಮೈಲಿಯಲ್ಲೇ ಕರಗಿಹೋಗುತ್ತದೆ. ಆಟೋದವರನ್ನಷ್ಟೇ ದೂರುವುದು ನ್ಯಾಯವಲ್ಲ. ಅವರಿಗೂ ಸಾಲದ ಕಂತು, ಮಕ್ಕಳ ಶಾಲಾಶುಲ್ಕಗಳುಂಟು. ನಿಲ್ದಾಣದಲ್ಲಿ ಎಲ್ಲರಿಗೂ ಕಾಣುವಂತೆ ದರಪಟ್ಟಿ ಇರಲಿ, ನಗರ ಸಾರಿಗೆ ಬಸ್ಸುಗಳು ಹೆಚ್ಚಲಿ ಎಂದು ಆಡಳಿತವನ್ನು ಒತ್ತಾಯಿಸೋಣ.

ಅಲ್ಲಿಯವರೆಗೆ ನಮ್ಮ ಪಾಲಿನ ಕರ್ತವ್ಯವೇನು? ಭಾನುವಾರ ಬಲಿಪೂಜೆ ಮುಗಿದೊಡನೆ ನಮ್ಮಲ್ಲನೇಕರ ಕಾರುಗಳು ಖಾಲಿ ಆಸನಗಳೊಂದಿಗೆ ಮನೆಗೆ ಮರಳುತ್ತವೆ. ಸಮಾರಿಯದ ಆ ಪಯಣಿಗ ಗಾಯಾಳುವನ್ನು ತನ್ನ ಸ್ವಂತ ವಾಹನದ ಮೇಲೆಯೇ ಕೂರಿಸಿಕೊಂಡನಲ್ಲವೇ? ನಮ್ಮ ಕಾರುಗಳೂ ಒಮ್ಮೆ ನಿಲ್ದಾಣದತ್ತ ತಿರುಗಲಿ.