ಹೊಸ ಗಿಳಿ ಬರುವ ಮುನ್ನ

ಮಂಗಳೂರಿನ ಕದ್ರಿಯಿಂದ ಸೋದರಿಯೊಬ್ಬರು ಬರೆದ ಪತ್ರ ಈ ತಿಂಗಳು ನನ್ನ ಮುಂದಿದೆ. ಅವರ ಮನೆಯಲ್ಲಿ ಎರಡು ಜೊತೆ ಬಜರಿಗಾರ್ ಹಕ್ಕಿಗಳೂ ಒಂಬತ್ತು ವರ್ಷ ಪ್ರಾಯದ ಒಂದು ಗಂಡು ಕಾಕಟೀಲ್ ಹಕ್ಕಿಯೂ ಇವೆ. ಮೊಮ್ಮಗಳ ಹುಟ್ಟುಹಬ್ಬಕ್ಕೆ ಒಂದು ಗಿಳಿಯನ್ನು ತರಬೇಕೆಂಬುದು ಮನೆಯವರ ಬಯಕೆ. ಪಂಜರ ದೊಡ್ಡದಾಗಿಯೇ ಇದೆ, ಹೊಸದನ್ನೂ ಅದರಲ್ಲಿಯೇ ಬಿಡಬಹುದೇ ಎಂದು ಕೇಳಿದ್ದಾರೆ.

ಬಿಡಬಾರದು. ಆ ಪಂಜರದಲ್ಲಿ ಮಾತ್ರವಲ್ಲ, ಮೊದಲ ನಲವತ್ತು ದಿನ ಆ ಕೋಣೆಯಲ್ಲಿಯೂ ಇಡಬಾರದು. ಇದು ನಾನು ಪುಸ್ತಕದಿಂದ ಕಲಿತ ಪಾಠವಲ್ಲ.

ಯಜಮಾನರಿಗೆ ವರ್ಗವಾಗಿ ನಾವು ಧಾರವಾಡದಿಂದ ಮಂಗಳೂರಿಗೆ ಬಂದ ಮೊದಲ ಮಳೆಗಾಲವದು. ನಮ್ಮಲ್ಲಿ ಐದು ಬಜರಿಗಾರ್‌ಗಳಿದ್ದವು. ಒಂದು ಸಂಜೆ ಅಂಗಡಿಯಲ್ಲಿ ಕಂಡ ಹಳದಿ ಹಕ್ಕಿಯೊಂದನ್ನು ಮನಸೋತು ತಂದು, ಕೈಕಾಲು ತೊಳೆಯುವಷ್ಟೂ ತಡಮಾಡದೆ ಪಂಜರದೊಳಗೆ ಬಿಟ್ಟೆ. ಮೂರನೆಯ ದಿನ ಅದು ಗರಿಯುಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತಿತು. ಉಸಿರಿಗೊಮ್ಮೆ ಬಾಲ ಅಲುಗುತ್ತಿತ್ತು. ಊರು ಬದಲಾದ ಆಯಾಸವಿರಬೇಕೆಂದುಕೊಂಡೆ. ಎಂಟನೆಯ ದಿನ ಅದು ಸತ್ತಿತು. ಮುಂದಿನ ಎರಡು ವಾರಗಳಲ್ಲಿ ಹಳೆಯವುಗಳಲ್ಲಿ ಮೂರು ಹೋದವು. ಅವನ್ನು ದಾಸವಾಳದ ಗಿಡದ ಬುಡದಲ್ಲಿ ಮಣ್ಣು ಮಾಡುವಾಗ ಆರು ವರ್ಷದ ಮಗ, "ಅವ್ವಾ, ಅದನ್ನು ಬೇರೆ ಇಟ್ಟಿದ್ದರೆ ಅದೊಂದೇ ಸಾಯುತ್ತಿತ್ತಲ್ಲವೇ?" ಎಂದು ಕೇಳಿದ. ಅವನಿಗೆ ಕೊಡಲು ನನ್ನ ಬಳಿ ಉತ್ತರವಿರಲಿಲ್ಲ.

ಹಕ್ಕಿಗಳು ತಮ್ಮ ರೋಗವನ್ನು ಕೊನೆಯ ಗಳಿಗೆಯವರೆಗೂ ಬಚ್ಚಿಡುತ್ತವೆ. ಬಲಹೀನವಾದದ್ದನ್ನೇ ಹುಡುಕುವ ಗಿಡುಗನ ಭಯ ಅವುಗಳ ರಕ್ತದಲ್ಲಿದೆ. ಅಂಗಡಿಯಲ್ಲಿ ಚಟುವಟಿಕೆಯಿಂದಿದ್ದ ಹಕ್ಕಿಯ ಮೈಯಲ್ಲಿ ಏನಿದೆಯೆಂಬುದು ಆ ದಿನ ಯಾರಿಗೂ ತಿಳಿಯದು. ಗಿಳಿಜ್ವರ ಹಿಕ್ಕೆ ಒಣಗಿ ಏಳುವ ಧೂಳಿನಿಂದ ಹರಡುತ್ತದೆ. ಮನುಷ್ಯರಿಗೂ ತಗಲಿ ಜ್ವರ, ಒಣಕೆಮ್ಮು, ಕೆಲವೊಮ್ಮೆ ನ್ಯುಮೋನಿಯ ತರುತ್ತದೆ. ಹಕ್ಕಿ ಸಾಕುವ ಮನೆಯವರು ಕೆಮ್ಮೆಂದು ವೈದ್ಯರಲ್ಲಿಗೆ ಹೋದಾಗ ಆ ಸಂಗತಿಯನ್ನು ಹೇಳಲು ಮರೆಯಬಾರದು. ಕೊಕ್ಕು ಮತ್ತು ಗರಿಗಳನ್ನು ಕೆಡಿಸುವ ಇನ್ನೊಂದು ವೈರಸ್ ರೋಗವುಂಟು. ಅದಕ್ಕೆ ಮದ್ದೇ ಇಲ್ಲ.

ಆದ್ದರಿಂದ ಮೂವತ್ತರಿಂದ ನಲವತ್ತೈದು ದಿನ ಹೊಸಬನಿಗೆ ಬೇರೆ ಕೋಣೆ, ಬೇರೆ ಬಟ್ಟಲು, ಬೇರೆ ಪೊರಕೆ. ಮೊದಲು ಹಳೆಯವುಗಳ ಆರೈಕೆ ಮುಗಿಸಿ ಆಮೇಲೆ ಹೊಸದರ ಬಳಿ ಹೋಗಬೇಕು, ತಿರುಗುಮುರುಗಾಗಬಾರದು. ಬರುವಾಗ ಕೈಗೆ ಸೋಪು ಹಾಕಿ ತೊಳೆದು, ಸಾಧ್ಯವಾದರೆ ಮೇಲಿನ ಬಟ್ಟೆಯನ್ನೂ ಬದಲಿಸಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಪ್ರತಿದಿನ ಬೆಳಿಗ್ಗೆ ತೂಗಿ ಬರೆದಿಡಿ. ಬಜರಿಗಾರ್ ಸುಮಾರು 30ರಿಂದ 40 ಗ್ರಾಂ, ಕಾಕಟೀಲ್ 80ರಿಂದ 100 ಗ್ರಾಂ ತೂಗುತ್ತವೆ. ಹತ್ತರಲ್ಲೊಂದು ಪಾಲು ಇಳಿದರೆ ಕಾಯದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಮೊದಲ ವಾರದಲ್ಲಿಯೇ ಹಿಕ್ಕೆಯನ್ನು ಪರೀಕ್ಷೆಗೆ ಕೊಡುವುದು ಒಳಿತು.

ಕರಾವಳಿಯವರಿಗೆ ಇನ್ನೊಂದು ಮಾತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ, ಚಪ್ಪಲಿಗೂ ಬೂಷ್ಟು ಹಿಡಿಯುತ್ತದೆ. ಇನ್ನು ಕಾಳಿನ ಪಾಡೇನು? ಬೂಷ್ಟು ಹಿಡಿದ ಕಾಳಿನ ಧೂಳು ಹಕ್ಕಿಯ ಶ್ವಾಸಕೋಶದಲ್ಲಿ ಶಿಲೀಂಧ್ರವಾಗಿ ಬೆಳೆದು ಕೊಲ್ಲುತ್ತದೆ. ನಾನು ಊರಿನಿಂದ ತರಿಸುವ ನವಣೆಯನ್ನು ಚೆನ್ನಾಗಿ ಒಣಗಿಸಿ ಬಿಗಿಮುಚ್ಚಳದ ಡಬ್ಬಿಗಳಲ್ಲಿಟ್ಟು, ಎರಡು ದಿನಕ್ಕಾಗುವಷ್ಟನ್ನೇ ಹೊರಗೆ ತೆಗೆಯುತ್ತೇನೆ. ಹೊಸ ಹಕ್ಕಿಯನ್ನು ನವರಾತ್ರಿ ಕಳೆದ ಮೇಲೆ ತರುವುದು ಕ್ಷೇಮ. ಹುಟ್ಟುಹಬ್ಬ ಆಷಾಢದಲ್ಲಿ ಬಂದರೆ ಉಡುಗೊರೆ ತುಸು ಕಾಯಲಿ! ಮಂಗಳೂರಿನವರು ಇಷ್ಟಪಟ್ಟು ಕುಡಿಯುವ ಬೆಣ್ಣೆಹಣ್ಣಿನ ರಸವೂ ಗಿಳಿಗಳಿಗೆ ವಿಷ. ಒಲೆಯ ಮೇಲೆ ಬರಿದೆ ಕಾದ ನಾನ್‌ಸ್ಟಿಕ್ ಬಾಣಲೆಯ ಹೊಗೆ ನಿಮಿಷಗಳಲ್ಲಿ ಪ್ರಾಣ ತೆಗೆಯಬಲ್ಲದು. ಸೊಳ್ಳೆಬತ್ತಿಯನ್ನೂ ಲೋಬಾನವನ್ನೂ ಆ ಕೋಣೆಯಿಂದ ದೂರವಿಡಿ.

ಯಾವ ಗಿಳಿಯನ್ನು ತರಬೇಕೆಂಬುದನ್ನು ಸೋದರಿಯವರು ಬರೆದಿಲ್ಲ. ತಲೆ ಮುರಿದ ತೆಂಗಿನ ಪೊಟರೆಯಿಂದ ತೆಗೆದು, ಕೆಂಪು ಕೊಕ್ಕಿನ ಹಸಿರು ಮರಿಗಳನ್ನು ಗುಟ್ಟಾಗಿ ಮಾರುವವರು ಇನ್ನೂ ಇದ್ದಾರೆ. ನಮ್ಮ ದೇಶದ ಗಿಳಿಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿವೆ. ಅವನ್ನು ಹಿಡಿಯುವುದು, ಮಾರುವುದು, ಸಾಕುವುದು ಎಲ್ಲವೂ ಅಪರಾಧ. ನಮ್ಮ ಅಜ್ಜಿಯ ಮನೆಯ ಪಡಸಾಲೆಯಲ್ಲಿ ಅಂಥದೊಂದು ಗಿಳಿಯಿತ್ತೆಂಬುದನ್ನು ನಾನು ಮರೆಮಾಚಲಾರೆ. ಅದು ಸಾಯುವವರೆಗೂ ಬಾಗಿಲ ಕಡೆಗೇ ನೋಡುತ್ತಿತ್ತು. ವಿದೇಶಿ ಜಾತಿಗಳಲ್ಲಿ ಬಜರಿಗಾರ್, ಕಾಕಟೀಲ್‌ಗಳಿಗೆ ತೊಡಕಿಲ್ಲ. ಆದರೆ ಸನ್ ಕನ್ಯೂರ್, ಆಫ್ರಿಕದ ಬೂದುಗಿಳಿ ಮುಂತಾದವು ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿವೆ. ಅಂಥವನ್ನು ಸಾಕುವವರು 2024ರ ನಿಯಮಗಳಂತೆ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ಮಾರುವವರಿಂದ ಕಾಗದಪತ್ರ ಕೇಳಿ. ಕೊಡಲು ಹಿಂಜರಿದರೆ ಬರಿಗೈಯಲ್ಲಿ ಹಿಂದಿರುಗಿ.

ನಮ್ಮ ಊರುಗಳಲ್ಲಿ ಬಜರಿಗಾರ್‌ಗಳನ್ನೇ ಲವ್ ಬರ್ಡ್ಸ್ ಎಂದು ಕರೆಯುವ ವಾಡಿಕೆಯಿದೆ. ಬಜರಿಗಾರ್ ಆಸ್ಟ್ರೇಲಿಯದ್ದು, ನಿಜವಾದ ಲವ್ ಬರ್ಡ್ಸ್ ಆಫ್ರಿಕದವು, ಮೊಂಡುಬಾಲದವು, ಹೆಸರಿನಲ್ಲಿ ಪ್ರೀತಿಯಿದ್ದರೂ ಮಹಾ ಜಗಳಗಂಟಿಗಳು. ಬಜರಿಗಾರ್‌ಗಳ ಕಾಲ್ಬೆರಳನ್ನೇ ಕಚ್ಚಿ ತುಂಡರಿಸಬಲ್ಲವು. ಹೆಸರಿನ ಗೊಂದಲದಿಂದ ಅವೆರಡನ್ನೂ ಒಂದೇ ಪಂಜರದಲ್ಲಿಟ್ಟು ಪರಿತಪಿಸಿದವರನ್ನು ನಾನು ಬಲ್ಲೆ. ದೊಡ್ಡ ಗಿಳಿ ಎಷ್ಟೇ ಸಾಧುವಾಗಿರಲಿ, ಸಣ್ಣವುಗಳೊಡನೆ ಒಂದೇ ಪಂಜರ ಎಂದೆಂದಿಗೂ ಬೇಡ.

ಪ್ರತ್ಯೇಕವಾಸ ಮುಗಿದ ಮೇಲೆ ಹೊಸಬನ ಪಂಜರವನ್ನು ಹಳೆಯವುಗಳಿರುವ ಕೋಣೆಯ ಎದುರು ಮೂಲೆಯಲ್ಲಿಡಿ. ಎರಡೂ ಕಡೆ ನಿರಾತಂಕವಾಗಿ ತಿನ್ನತೊಡಗಿದರೆ ದಿನಕ್ಕೊಂದು ಗೇಣು ಹತ್ತಿರ ತನ್ನಿ. ಯಾವುದಾದರೂ ತಿನ್ನುವುದನ್ನು ಬಿಟ್ಟರೆ ಮತ್ತೆ ದೂರ ಸರಿಸಿ. ಮುಖಾಮುಖಿ ಹಳೆಯದರ ಪಂಜರದೊಳಗೆ ಆಗಬಾರದು, ಅದು ಅದರ ಮನೆ. ಬೇರೊಂದು ಕೋಣೆಯಲ್ಲಿ ಕಿಟಕಿ ಮುಚ್ಚಿ, ಎಷ್ಟೇ ಸೆಕೆಯಿದ್ದರೂ ಫ್ಯಾನ್ ನಿಲ್ಲಿಸಿ, ಎರಡು ಕಡೆ ಕಾಳಿಟ್ಟು ಹೊರಬಿಡಿ. ನೀವು ಅಲ್ಲಿಯೇ ಇರಿ. ಮೊದಲ ದಿನ ಹತ್ತು ನಿಮಿಷ ಸಾಕು.

ಆ ಒಂಬತ್ತು ವರ್ಷದ ಕಾಕಟೀಲ್‌ನ ಬಗ್ಗೆ ನನಗೆ ಕಳವಳವಿದೆ. ಆ ಜಾತಿ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ, ಆದ್ದರಿಂದ ಅದು ಮುದಿಯಲ್ಲ. ಆದರೆ ಇಷ್ಟು ಕಾಲ ಮನೆಯವರ ಪ್ರೀತಿಗೆ ಒಬ್ಬನೇ ಒಡೆಯನಾಗಿದ್ದ ಹಕ್ಕಿಯದು. ಹೊಸದು ಬಂದ ಸಡಗರದಲ್ಲಿ ಎಲ್ಲರೂ ಅದನ್ನು ಮರೆತರೆ ಸಿಳ್ಳೆ ನಿಲ್ಲಿಸುತ್ತದೆ, ಕೆಲವೊಮ್ಮೆ ತನ್ನ ಗರಿಯನ್ನೇ ಕಿತ್ತುಕೊಳ್ಳುತ್ತದೆ. ಬೆಳಗಿನ ಮೊದಲ ಮಾತು, ಮೊದಲ ಹಣ್ಣಿನ ಚೂರು ಅದಕ್ಕೇ ಸಲ್ಲಲಿ. ಆ ಕೆಲಸವನ್ನು ಮೊಮ್ಮಗಳಿಗೇ ವಹಿಸಿ. ಅದಕ್ಕೆ ಜೊತೆ ಬೇಕೇಬೇಕೆಂದೇನೂ ಇಲ್ಲ ಎಂಬುದನ್ನೂ ಮನೆಯವರು ಒಮ್ಮೆ ಕುಳಿತು ಯೋಚಿಸಲಿ.

ಉಳಿದಿದ್ದ ನಮ್ಮ ಎರಡು ಬಜರಿಗಾರ್‌ಗಳಿಗೆ ಮುಂದೆ ಜೊತೆ ತಂದದ್ದು ಎರಡು ವರ್ಷದ ಬಳಿಕ. ಈ ಸಲ ಹೊಸ ಹಕ್ಕಿ ಹಿಂದಿನ ಕೋಣೆಯಲ್ಲಿ ನಲವತ್ತೆರಡು ದಿನವಿತ್ತು. ಕ್ಯಾಲೆಂಡರಿನಲ್ಲಿ ಪ್ರತಿದಿನ ಗೀಟು ಹಾಕಿ, ತೂಕ ಬರೆದವನು ಮಗನೇ. ಹತ್ತೊಂಬತ್ತನೆಯ ದಿನ ತೂಕ ಎರಡು ಗ್ರಾಂ ಇಳಿದಾಗ ಶಾಲೆಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದ. ಮರುದಿನ ಅದು ಸರಿಹೋಯಿತು. ಪಂಜರಗಳೆರಡು ಅಕ್ಕಪಕ್ಕ ಬಂದ ಆರನೆಯ ದಿನ, ಹಳೆಯ ಹಸಿರು ಹಕ್ಕಿ ಸರಳಿನ ನಡುವಿನಿಂದ ಕೊಕ್ಕು ಚಾಚಿ ಹೊಸಬನ ನೆತ್ತಿಯ ಗರಿಯನ್ನು ನೇವರಿಸುತ್ತಿದ್ದುದನ್ನು ಮೊದಲು ಕಂಡವನೂ ಅವನೇ.